ಅಮೆರಿಕದ ಪಬ್ಲಿಕ್ ಸ್ಕೂಲಿನಲ್ಲಿ ‘ಗಿಫ್ಟೆಡ್’: ಅರ್ಜಿಯಿಂದ ಪಾಠದವರೆಗೆ

ಎರಡನೇ ತರಗತಿಯ ಮಗುವಿನ ಬ್ಯಾಗಿನಲ್ಲಿ ಒಂದು ದಿನ ಹಾಳೆಯೊಂದು ಬರುತ್ತದೆ: ಕಾಗ್ಯಾಟ್ ಎಂಬ ತರ್ಕಶಕ್ತಿಯ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಇದ್ದರೆ ಸಹಿ ಮಾಡಿ ಕಳಿಸಿ. ಊರಿನಲ್ಲಿ ನವೋದಯದ ಪ್ರವೇಶ ಪರೀಕ್ಷೆಗೆ ಮಕ್ಕಳನ್ನು ಕೂರಿಸಿದವರಿಗೆ ಇದೂ ಅದೇ ಜಾತಿಯದು ಅನ್ನಿಸಿಬಿಡುತ್ತದೆ. ಆ ರಾತ್ರಿಯೇ ಅಭ್ಯಾಸದ ಪುಸ್ತಕ ಆರ್ಡರ್ ಆಗುತ್ತದೆ, ಕಮ್ಯುನಿಟಿಯ ವಾಟ್ಸ್ಯಾಪ್ ಗುಂಪಿನಲ್ಲಿ ಕೋಚಿಂಗ್ ವಿಳಾಸ ಹರಿದಾಡುತ್ತದೆ. ಶಾಲೆ ಕೇಳುತ್ತಿರುವ ಪ್ರಶ್ನೆ ಮಾತ್ರ ಬೇರೆ: ತರಗತಿಯ ಮಾಮೂಲಿ ಪಾಠ ಈ ಮಗುವಿಗೆ ಸಾಕೇ, ಸಾಲದೇ? ಸಾಲದಷ್ಟು ಮುಂದಿರುವ ಮಕ್ಕಳನ್ನೇ ಇಲ್ಲಿ ‘ಗಿಫ್ಟೆಡ್’ ಎಂದು ಗುರುತಿಸುವುದು. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕಾದರೆ ತಂದೆ ತಾಯಿ ಶ್ರಮ ಹಾಕಬೇಕಾದದ್ದು ಕೋಚಿಂಗ್‌ಗಲ್ಲ, ಕಾಗದಪತ್ರಕ್ಕೆ.

ನಿಮ್ಮ ರಾಜ್ಯದ ನಿಯಮ ಮೊದಲು ತಿಳಿಯಿರಿ

ಗಿಫ್ಟೆಡ್ ಮಕ್ಕಳಿಗೆ ಪ್ರತ್ಯೇಕವಾಗಿ ಕಲಿಸಲೇಬೇಕು ಎನ್ನುವ ಕೇಂದ್ರ ಕಾನೂನು ಅಮೆರಿಕದಲ್ಲಿಲ್ಲ. 1988ರ ಜಾವಿಟ್ಸ್ ಕಾಯ್ದೆಯ ಹಣ ಸಂಶೋಧನೆಗೆ, ಮಾದರಿ ಯೋಜನೆಗಳಿಗೆ ಹೋಗುತ್ತದೆ. ನಿಮ್ಮ ಬೀದಿಯ ಶಾಲೆಯ ಕಾರ್ಯಕ್ರಮ ಅದರಿಂದ ನಡೆಯುವುದಿಲ್ಲ. ಉಳಿದದ್ದೆಲ್ಲ ರಾಜ್ಯ ಮತ್ತು ಊರೂರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಕೈಯಲ್ಲಿದೆ. ಹಾಗಾಗಿ ಡಲ್ಲಾಸ್‌ನ ಗೆಳೆಯರು ಕೊಟ್ಟ ಸಲಹೆ ಸ್ಯಾನ್ ಹೋಸೆಯಲ್ಲಿ ನಡೆಯದೇ ಹೋಗಬಹುದು.

ಟೆಕ್ಸಸ್‌ನಲ್ಲಿ ಗುರುತಿಸುವುದೂ ಕಲಿಸುವುದೂ ಕಡ್ಡಾಯ. ಅಂಕಿಯಲ್ಲಿ ಅಳೆಯುವಂಥವು ಮತ್ತು ಗಮನಿಸಿ ಹೇಳುವಂಥವು ಸೇರಿ ಕನಿಷ್ಠ ಮೂರು ಮಾನದಂಡ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ‘ಗೇಟ್’ ಎಂಬ ಗಿಫ್ಟೆಡ್ ಕಾರ್ಯಕ್ರಮ ಕಡ್ಡಾಯವಲ್ಲ. 2013ರಲ್ಲಿ ಶಾಲಾ ಅನುದಾನದ ಸೂತ್ರ ಬದಲಾದ ಮೇಲೆ ಅದಕ್ಕೆಂದೇ ಮೀಸಲಾದ ಹಣವೂ ಇಲ್ಲ, ಹೀಗಾಗಿ ಪಕ್ಕಪಕ್ಕದ ಎರಡು ಡಿಸ್ಟ್ರಿಕ್ಟ್‌ಗಳಲ್ಲಿ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಪೆನ್ಸಿಲ್ವೇನಿಯಾದಲ್ಲಿ ‘ಚಾಪ್ಟರ್ 16’ ಎಂಬ ನಿಯಮಾವಳಿಯಿದೆ. ಗುರುತಿಸಿದ ಮಗುವಿಗೆ ವೈಯಕ್ತಿಕ ಕಲಿಕಾ ಯೋಜನೆ ಬರೆದು ಕೊಡಲೇಬೇಕು. ಒಹಾಯೊದಲ್ಲಿ ವಿಚಿತ್ರ: ಗುರುತಿಸುವುದು ಕಡ್ಡಾಯ, ಗುರುತಿಸಿದ ಮೇಲೆ ಏನಾದರೂ ಕೊಡುವುದು ಕಡ್ಡಾಯವಲ್ಲ. ನ್ಯೂಜೆರ್ಸಿಯಲ್ಲಿ 2020ರ ಕಾಯ್ದೆಯ ಪ್ರಕಾರ ಡಿಸ್ಟ್ರಿಕ್ಟ್ ನಿಯಮ ಪಾಲಿಸದಿದ್ದರೆ ಶಾಲಾ ಮಂಡಳಿಗೆ ದೂರು ಕೊಡಲು ದಾರಿಯಿದೆ. ವಾಷಿಂಗ್ಟನ್ ರಾಜ್ಯ 2023ರಲ್ಲಿ ಎಲ್ಲ ಮಕ್ಕಳ ಸ್ಕ್ರೀನಿಂಗನ್ನು ಕಾನೂನು ಮಾಡಿತು: ಎರಡನೇ ತರಗತಿಯೊಳಗೆ ಒಮ್ಮೆ, ಆರನೇ ತರಗತಿಯೊಳಗೆ ಇನ್ನೊಮ್ಮೆ.

ಹೆಸರುಗಳೂ ಬೇರೆ ಬೇರೆ. ಗೇಟ್, ಜಿಟಿ, ಟ್ಯಾಗ್, ಉತ್ತರ ಕ್ಯಾರೊಲೈನಾದಲ್ಲಿ ಎಐಜಿ, ವಾಷಿಂಗ್ಟನ್‌ನಲ್ಲಿ ಹೈಲಿ ಕೇಪಬಲ್, ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಯಲ್ಲಿ ಎಎಪಿ. ಡಿಸ್ಟ್ರಿಕ್ಟ್ ಜಾಲತಾಣದಲ್ಲಿ ‘ಗಿಫ್ಟೆಡ್’ ಎಂದಷ್ಟೇ ಹುಡುಕಿ ಏನೂ ಸಿಗಲಿಲ್ಲ ಎಂದು ಕೈಬಿಡಬೇಡಿ. ಹುಡುಕುವಾಗ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಯಾವ ತರಗತಿಯಲ್ಲಿ ಎಲ್ಲರಿಗೂ ಪರೀಕ್ಷೆ, ತಂದೆ ತಾಯಿ ಅರ್ಜಿ ಹಾಕುವ ಕೊನೆಯ ದಿನ, ಯಾವ ಪರೀಕ್ಷೆಗೆ ಎಷ್ಟು ಕಟ್-ಆಫ್, ಮೇಲ್ಮನವಿಗೆ ಎಷ್ಟು ದಿನ. ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೊದಲ ವಾರದಲ್ಲೇ ಈ ಕೆಲಸ ಮುಗಿಸಿ. ಬಹಳಷ್ಟು ಡಿಸ್ಟ್ರಿಕ್ಟ್‌ಗಳಲ್ಲಿ ಅರ್ಜಿಯ ಗಡುವು ಅಕ್ಟೋಬರ್-ನವೆಂಬರ್‌ನಲ್ಲೇ ಮುಗಿದಿರುತ್ತದೆ. ಮಾರ್ಚ್ ತಿಂಗಳ ಪೇರೆಂಟ್-ಟೀಚರ್ ಭೇಟಿಯಲ್ಲಿ ವಿಷಯ ಎತ್ತಿದವರಿಗೆ ಸಿಗುವುದು ‘ಮುಂದಿನ ವರ್ಷ ನೋಡೋಣ’ ಎಂಬ ಮಾತು.

ಅರ್ಜಿ: ಬಾಯಿಮಾತು ಲೆಕ್ಕಕ್ಕಿಲ್ಲ

ಶಾಲೆಯ ಬಾಗಿಲಲ್ಲಿ ಟೀಚರ್ ಜೊತೆ ಆಡಿದ ಮಾತಿಗೆ ದಾಖಲೆಯಿಲ್ಲ, ಗಡುವಿನ ಗಡಿಯಾರವೂ ಅದರಿಂದ ಶುರುವಾಗುವುದಿಲ್ಲ. ಉದಾಹರಣೆಗೆ ಪೆನ್ಸಿಲ್ವೇನಿಯಾದಲ್ಲಿ ತಂದೆ ತಾಯಿಯ ಸಹಿಯಾದ ಒಪ್ಪಿಗೆ ಪತ್ರ ಕೈಸೇರಿದ ದಿನದಿಂದ 60 ದಿನದೊಳಗೆ ಮೌಲ್ಯಮಾಪನ ಮುಗಿಯಬೇಕು; ಪತ್ರವೇ ಇಲ್ಲದಿದ್ದರೆ ಎಣಿಕೆ ಎಲ್ಲಿಂದ? ಆದ್ದರಿಂದ ಪ್ರಿನ್ಸಿಪಾಲ್‌ಗೆ ಇಮೇಲ್ ಮಾಡಿ, ಗಿಫ್ಟೆಡ್ ಕೋಆರ್ಡಿನೇಟರ್‌ಗೂ ಕ್ಲಾಸ್ ಟೀಚರ್‌ಗೂ ಪ್ರತಿ ಕಳಿಸಿ.

ಇಮೇಲ್ ಅರ್ಧ ಪುಟ ಮೀರಬಾರದು. ಮೊದಲ ಸಾಲಿನಲ್ಲೇ ಮಗುವಿನ ಪೂರ್ಣ ಹೆಸರು, ತರಗತಿ, ಸ್ಟೂಡೆಂಟ್ ಐಡಿ, ‘ಗಿಫ್ಟೆಡ್ ಮೌಲ್ಯಮಾಪನಕ್ಕೆ ಲಿಖಿತ ವಿನಂತಿ’ ಎಂಬ ಮಾತು. ನಂತರ ಎರಡು ಮೂರು ಗಟ್ಟಿ ಉದಾಹರಣೆ. ಕೊನೆಗೆ ಒಪ್ಪಿಗೆ ಫಾರಂ ಯಾವಾಗ ಬರುತ್ತದೆ, ಯಾವ ಪರೀಕ್ಷೆ ಮಾಡುತ್ತೀರಿ ಎಂಬ ಪ್ರಶ್ನೆ.

ಉದಾಹರಣೆ ಬರೆಯುವಲ್ಲಿ ನಮ್ಮವರು ಎರಡು ಕಡೆ ಎಡವುತ್ತಾರೆ. ‘ತುಂಬಾ ಬುದ್ಧಿವಂತ, ಎಲ್ಲ ಬೇಗ ಕಲೀತಾನೆ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ಏಳು ಚಕ್ಕುಲಿಯನ್ನು ಇಬ್ಬರಿಗೆ ಹಂಚುವಾಗ ಉಳಿದ ಒಂದನ್ನು ಏನು ಮಾಡುವುದೆಂದು ಯೋಚಿಸಿ, ಯಾರೂ ಹೇಳಿಕೊಡದೆ ಅರ್ಧ, ಕಾಲು ಎಂದು ಚಿತ್ರ ಬರೆದು, ಎಂಟರಲ್ಲೊಂದು ಭಾಗದವರೆಗೆ ಹೋದಳು, ಸೆಪ್ಟೆಂಬರ್ 12, ಹಾಳೆ ಲಗತ್ತಿಸಿದೆ’ ಎಂದರೆ ತಿಳಿಯುತ್ತದೆ. ಇನ್ನೊಂದು ತಪ್ಪು ಸಂಕೋಚದ್ದು. ಶಾಲೆ ಕಳಿಸುವ ತಂದೆ ತಾಯಿಯರ ಪ್ರಶ್ನಾವಳಿಯಲ್ಲಿ ‘ಯಾವಾಗಲೂ, ಆಗಾಗ, ಅಪರೂಪಕ್ಕೆ’ ಎಂಬ ಆಯ್ಕೆಗಳಿರುತ್ತವೆ. ಮಗುವನ್ನು ಹೊಗಳಿದರೆ ದೃಷ್ಟಿಯಾದೀತು ಎಂಬಂತೆ ಎಲ್ಲಕ್ಕೂ ನಡುವಿನ ಗೆರೆಗೇ ಗುರುತು ಹಾಕಿ ಕಳಿಸಿದರೆ ಆ ಫಾರಂನ ಅಂಕ ಮಗುವಿನ ವಿರುದ್ಧವೇ ನಿಲ್ಲುತ್ತದೆ.

ಮನೆಯಲ್ಲಿ ಪಟಪಟ ಮಾತಾಡಿ ಶಾಲೆಯಲ್ಲಿ ಬಾಯಿ ಬಿಡದ ಮಕ್ಕಳ ವಿಷಯದಲ್ಲಿ ಈ ಫಾರಂಗೆ ಇನ್ನೂ ತೂಕವಿದೆ. ಟೀಚರ್ ತುಂಬುವ ರೇಟಿಂಗ್ ಪಟ್ಟಿಯಲ್ಲಿ ‘ಅನಿರೀಕ್ಷಿತ ಪ್ರಶ್ನೆ ಕೇಳುತ್ತದೆ’, ‘ಗುಂಪನ್ನು ಮುನ್ನಡೆಸುತ್ತದೆ’ ಎಂಬಂಥ ಸಾಲುಗಳಿರುತ್ತವೆ, ಮೌನವಾಗಿ ಕೂರುವ ಮಗು ಅಲ್ಲಿ ಕಾಣಿಸುವುದೇ ಇಲ್ಲ. ಅಜ್ಜಿಯ ಫೋನಿಗೆ ಕನ್ನಡದಲ್ಲಿ, ಪಕ್ಕದ ಮನೆಯವರಿಗೆ ಇಂಗ್ಲಿಷ್‌ನಲ್ಲಿ ಒಂದೇ ಜೋಕನ್ನು ಎರಡು ಬಗೆಯಲ್ಲಿ ತಿರುಗಿಸಿ ಹೇಳುವ ಮಗುವಿನ ಭಾಷಾಶಕ್ತಿ ಟೀಚರ್‌ಗೆ ಗೊತ್ತಾಗುವ ದಾರಿಯೂ ನೀವು ಬರೆದು ಕಳಿಸುವ ಆ ಸಾಲೇ.

ಪರೀಕ್ಷೆಗಳಲ್ಲಿ ಏನಿರುತ್ತದೆ

ಗುಂಪಿನಲ್ಲಿ ಮಾಡುವ ಪರೀಕ್ಷೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕಾಗ್ಯಾಟ್. ಇದರಲ್ಲಿ ಮೂರು ಭಾಗ: ಮಾತಿಗೆ ಸಂಬಂಧಿಸಿದ್ದು, ಸಂಖ್ಯೆಗೆ ಸಂಬಂಧಿಸಿದ್ದು, ಆಕೃತಿಗೆ ಸಂಬಂಧಿಸಿದ್ದು. ಒಂದೊಂದರಲ್ಲಿ ಮೂರು ಉಪಪರೀಕ್ಷೆ, ಒಟ್ಟು ಒಂಬತ್ತು. ಕಿಂಡರ್‌ಗಾರ್ಟನ್‌ನಿಂದ ಎರಡನೇ ತರಗತಿಯವರೆಗಿನ ಆವೃತ್ತಿ ಹೆಚ್ಚೂಕಡಿಮೆ ಚಿತ್ರಗಳಲ್ಲೇ ಇದ್ದು, ಗಡಿಯಾರದ ಓಟವಿಲ್ಲದೆ ನಡೆಯುತ್ತದೆ. ಮೂರನೇ ತರಗತಿಯಿಂದ ಪ್ರತಿ ಉಪಪರೀಕ್ಷೆಗೆ 10 ನಿಮಿಷ. ಇನ್ನೊಂದು, ‘ಎನ್‌ಎನ್‌ಎಟಿ’: ಆಕೃತಿಗಳೇ ಇರುವ 48 ಪ್ರಶ್ನೆ, 30 ನಿಮಿಷ. ಓದಲು ಬಾರದ ಮಗುವೂ ಬರೆಯಬಹುದು ಎಂಬುದು ಅದರ ಗುಣ. ಭಾಷೆಯಲ್ಲಿ ಮುಂದಿರುವ ಮಗುವನ್ನು ಅದು ಗುರುತಿಸದು ಎಂಬುದು ದೋಷ.

ಇವೆರಡೂ ತರ್ಕವನ್ನು ಅಳೆಯುತ್ತವೆ. ಕಲಿತದ್ದನ್ನು ಅಳೆಯಲು ಮ್ಯಾಪ್ ಗ್ರೋತ್, ಅಯೋವಾ ಅಸೆಸ್‌ಮೆಂಟ್ಸ್, ರಾಜ್ಯದ ವಾರ್ಷಿಕ ಪರೀಕ್ಷೆ ಬಳಸುತ್ತಾರೆ. ಕೆಲವು ಕಡೆ ಸೃಜನಶೀಲತೆಗೆ ಟಾರೆನ್ಸ್ ಪರೀಕ್ಷೆ. ಜಾರ್ಜಿಯಾದಲ್ಲಿ ಬುದ್ಧಿಶಕ್ತಿ, ಕಲಿಕೆ, ಸೃಜನಶೀಲತೆ, ಪ್ರೇರಣೆ ಎಂಬ ನಾಲ್ಕರಲ್ಲಿ ಮೂರನ್ನು ದಾಟಿದರೆ ಸಾಕು ಎಂಬ ದಾರಿಯಿದೆ. ಒಬ್ಬ ಮನಶ್ಶಾಸ್ತ್ರಜ್ಞರು ಒಂದೇ ಮಗುವನ್ನು ಎದುರು ಕೂರಿಸಿಕೊಂಡು ಮಾಡುವ ಪರೀಕ್ಷೆ ‘ವಿಸ್ಕ್’, 6 ವರ್ಷ ತುಂಬಿದವರಿಗೆ. ಇನ್ನೂ ಚಿಕ್ಕವರಿಗೆ ‘ವಿಪ್ಸಿ’. ಖಾಸಗಿಯಾಗಿ ವಿಸ್ಕ್ ಮಾಡಿಸಲು ಹೊರಡುವ ಮುಂಚೆ ಡಿಸ್ಟ್ರಿಕ್ಟ್ ಹೊರಗಿನ ವರದಿ ಒಪ್ಪುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಒಪ್ಪದ ಡಿಸ್ಟ್ರಿಕ್ಟ್‌ನಲ್ಲಿ ಆ ಹಣ ನೀರಿಗೆ ಹಾಕಿದಂತೆ. ಜೊತೆಗೆ ಅದೇ ಪರೀಕ್ಷೆಯನ್ನು ಬೇಗನೆ ಮತ್ತೆ ಮಾಡಿದರೆ ಅಭ್ಯಾಸದಿಂದ ಅಂಕ ಏರುವ ಕಾರಣ, ಶಾಲೆ ಸ್ವತಃ ವಿಸ್ಕ್ ಮಾಡಬೇಕೆಂದಿದ್ದರೆ ನಿಮ್ಮ ಖಾಸಗಿ ಪರೀಕ್ಷೆಯೇ ಅದಕ್ಕೆ ಅಡ್ಡ ಬರುತ್ತದೆ.

ಕೋಚಿಂಗ್ ಬಗ್ಗೆ ನೇರವಾಗಿ: ಪ್ರಶ್ನೆಗಳ ರೂಪ ಮಗುವಿಗೆ ಹೊಸದಾಗಿರಬಾರದು, ಅಷ್ಟಕ್ಕೆ ಒಂದೆರಡು ಸಂಜೆ ಸಾಕು. ಹೋಲಿಕೆಯ ಪ್ರಶ್ನೆ ಹೇಗಿರುತ್ತದೆ, ಕಾಗದ ಮಡಚಿ ತೂತು ಮಾಡುವ ಪ್ರಶ್ನೆ ಹೇಗಿರುತ್ತದೆ ಎಂದು ತೋರಿಸಿ ಬಿಡಿ. ನಿಜವಾದ ಕಾಗದ ಮಡಚಿ ಪಂಚ್ ಮಾಡಿ ತೋರಿಸಿದರೆ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ. ಆರು ತಿಂಗಳು ಹಾಳೆ ಮೇಲೆ ಹಾಳೆ ಮಾಡಿಸಿದರೆ ಆ ಸಂಖ್ಯೆ ಮಗುವಿನ ತರ್ಕವನ್ನು ಹೇಳುವುದನ್ನು ಬಿಟ್ಟು ಆರು ತಿಂಗಳ ಅಭ್ಯಾಸವನ್ನು ಹೇಳತೊಡಗುತ್ತದೆ; ಆ ಸಂಖ್ಯೆ ನಂಬಿ ಶಾಲೆ ಕೊಡುವ ಪಾಠದ ವೇಗ ಮಗುವಿಗೆ ಹೊಂದದೇ ಹೋಗುತ್ತದೆ. ಪರೀಕ್ಷೆಯ ದಿನ ಜ್ವರವಿದ್ದರೆ ಕಳಿಸಬೇಡಿ, ತಪ್ಪಿಸಿಕೊಂಡವರಿಗೆ ಇಡುವ ಮೇಕಪ್ ಪರೀಕ್ಷೆಯ ದಿನ ಕೇಳಿ. ಕನ್ನಡಕ ಮರೆತು ಹೋದ ಮಗು ಆಕೃತಿಗಳ ಭಾಗದಲ್ಲಿ ಕಳೆದುಕೊಂಡದ್ದನ್ನು ಆ ವರ್ಷ ಯಾರೂ ತುಂಬಿಕೊಡುವುದಿಲ್ಲ.

‘ಹೋಮ್ ಲ್ಯಾಂಗ್ವೇಜ್’ ಫಾರಂ

ಶಾಲೆಗೆ ಸೇರಿಸುವಾಗ ‘ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚು ಆಡುವ ಭಾಷೆ ಯಾವುದು’ ಎಂದು ಕೇಳುತ್ತಾರೆ. ಕನ್ನಡ ಎಂದರೆ ಇಂಗ್ಲಿಷ್ ಪರೀಕ್ಷೆ ಮಾಡಿ ‘ಇಎಲ್’ (ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರ) ಗುಂಪಿಗೆ ಹಾಕುತ್ತಾರೆ, ಆಮೇಲೆ ಗಿಫ್ಟೆಡ್ ಬಾಗಿಲು ಮುಚ್ಚುತ್ತದೆ ಎಂಬ ಭಯದಿಂದ ಅನೇಕರು ‘ಇಂಗ್ಲಿಷ್’ ಎಂದು ಬರೆದುಬಿಡುತ್ತಾರೆ. ಇದ್ದದ್ದನ್ನು ಇದ್ದಂತೆ ಬರೆಯಿರಿ. ಇಂಗ್ಲಿಷ್ ಕಲಿಯುತ್ತಿರುವ ಕಾರಣಕ್ಕೆ ಮಗುವನ್ನು ಗಿಫ್ಟೆಡ್ ಕಾರ್ಯಕ್ರಮದಿಂದ ಹೊರಗಿಡುವಂತಿಲ್ಲ ಎಂದು ಕೇಂದ್ರ ಶಿಕ್ಷಣ ಮತ್ತು ನ್ಯಾಯ ಇಲಾಖೆಗಳು 2015ರಲ್ಲಿ ಎಲ್ಲ ಡಿಸ್ಟ್ರಿಕ್ಟ್‌ಗಳಿಗೆ ಪತ್ರ ಬರೆದಿದ್ದವು (ಆ ಪತ್ರವನ್ನು 2025ರಲ್ಲಿ ಹಿಂತೆಗೆದುಕೊಳ್ಳಲಾಯಿತು). ಅಲ್ಲದೆ ಲಾಭವೂ ಉಂಟು: ಚಿಕ್ಕ ತರಗತಿಗಳ ಕಾಗ್ಯಾಟ್‌ನಲ್ಲಿ ಟೀಚರ್ ಓದಿ ಹೇಳುವ ವಾಕ್ಯದ ಭಾಗವನ್ನು ಬಿಟ್ಟು ಲೆಕ್ಕ ಹಾಕುವ ಬದಲಿ ಅಂಕ ಇಂಥ ಮಕ್ಕಳಿಗಿದೆ. ಫ್ಲೋರಿಡಾದಲ್ಲಿ ಸಾಮಾನ್ಯ ಅರ್ಹತೆ ಐಕ್ಯೂ 130. ಇಎಲ್ ಮಕ್ಕಳಿಗೆ ಮತ್ತು ಬಡ ಕುಟುಂಬದ ಮಕ್ಕಳಿಗೆ ಡಿಸ್ಟ್ರಿಕ್ಟ್‌ಗಳು ‘ಪ್ಲ್ಯಾನ್ ಬಿ’ ಎಂಬ ಬೇರೆ ದಾರಿ ಇಟ್ಟಿರುತ್ತವೆ.

ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 2005ರಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಅಲ್ಲಿಯವರೆಗೆ ಟೀಚರ್ ಇಲ್ಲವೇ ತಂದೆ ತಾಯಿ ಹೆಸರಿಸಿದ ಮಕ್ಕಳಿಗೆ ಮಾತ್ರ ಪರೀಕ್ಷೆಯಿತ್ತು. ಆ ವರ್ಷದಿಂದ ಎರಡನೇ ತರಗತಿಯ ಎಲ್ಲರಿಗೂ ಮಾಡಿದರು. ಅರ್ಹತೆಯ ಗೆರೆ ಬದಲಾಗಲಿಲ್ಲ, ಆದರೂ ಕಪ್ಪು ಮತ್ತು ಹಿಸ್ಪ್ಯಾನಿಕ್ ಮಕ್ಕಳ ಆಯ್ಕೆ ಗಣನೀಯವಾಗಿ ಏರಿತು. ಮಕ್ಕಳು ಮೊದಲೂ ಇದ್ದರು, ಹೆಸರಿಸುವವರು ಇರಲಿಲ್ಲ. ಎಲ್ಲರಿಗೂ ಪರೀಕ್ಷೆ ಇಲ್ಲದ ಡಿಸ್ಟ್ರಿಕ್ಟ್‌ನಲ್ಲಿ ನಿಮ್ಮ ಲಿಖಿತ ಅರ್ಜಿಗೆ ಇರುವ ಬೆಲೆ ಇದರಿಂದಲೇ ತಿಳಿಯುತ್ತದೆ.

ವರದಿ ಓದುವುದು ಹೇಗೆ

98ನೇ ಪರ್ಸೆಂಟೈಲ್ ಎಂದರೆ ನೂರಕ್ಕೆ 98 ಅಂಕವಲ್ಲ. ಅದೇ ವಯಸ್ಸಿನ ನೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 98 ಮಂದಿ ಈ ಮಗುವಿನ ಹಿಂದಿರುತ್ತಾರೆ ಎಂದರ್ಥ. ಕಾಗ್ಯಾಟ್ ವರದಿಯಲ್ಲಿ ‘ಎಸ್‌ಎಎಸ್’ ಎಂಬ ಅಂಕವಿರುತ್ತದೆ, ಸರಾಸರಿ 100, ಹರವು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, ಸ್ಟ್ಯಾಂಡರ್ಡ್ ಡೀವಿಯೇಶನ್) 16. ವಿಸ್ಕ್‌ನ ಸರಾಸರಿಯೂ 100, ಹರವು ಮಾತ್ರ 15. ಆದ್ದರಿಂದ ವಿಸ್ಕ್‌ನ 130 ಮತ್ತು ಕಾಗ್ಯಾಟ್‌ನ 132 ಒಂದೇ ಮಟ್ಟ, ಎರಡೂ 98ರ ಆಸುಪಾಸು. ‘ಅವರ ಮಗನಿಗೆ 131, ನಮ್ಮವಳಿಗೆ 130’ ಎಂಬ ಹೋಲಿಕೆಗೆ ಅರ್ಥವಿಲ್ಲ.

ವಯಸ್ಸಿನ ಪರ್ಸೆಂಟೈಲ್, ತರಗತಿಯ ಪರ್ಸೆಂಟೈಲ್ ಎಂದು ಎರಡು ಕಾಲಂ ಇದ್ದರೆ ಡಿಸ್ಟ್ರಿಕ್ಟ್ ಯಾವುದನ್ನು ನೋಡುತ್ತದೆ ಎಂದು ಕೇಳಿ. ಒಂದು ವರ್ಷ ತಡವಾಗಿ ಶಾಲೆಗೆ ಸೇರಿದ ಮಗುವಿಗೆ ವಯಸ್ಸಿನ ಅಂಕ ಕಡಿಮೆ, ತರಗತಿಯ ಅಂಕ ಹೆಚ್ಚು ಬರುತ್ತದೆ. ಕಿರಿಯ ಮಗುವಿಗೆ ಇದು ತಿರುಗುಮುರುಗು.

ಬಹಳ ಮಂದಿ ಗಮನಿಸದೇ ಬಿಡುವುದು ‘ಎಬಿಲಿಟಿ ಪ್ರೊಫೈಲ್’. ಒಂದು ಅಂಕಿ, ಒಂದು ಅಕ್ಷರ. ಅಂಕಿ 1ರಿಂದ 9, ಒಟ್ಟಾರೆ ಮಟ್ಟ. ಅಕ್ಷರ ‘ಎ’ ಆದರೆ ಮೂರು ಭಾಗವೂ ಹೆಚ್ಚೂಕಡಿಮೆ ಸಮ. ‘ಬಿ’ ಆದರೆ ಒಂದು ಭಾಗ ಮೇಲೋ ಕೆಳಗೋ ಇದೆ. ‘ಸಿ’ ಆದರೆ ಒಂದು ಮೇಲೆ, ಒಂದು ಕೆಳಗೆ. ‘ಇ’ ಆದರೆ ಭಾಗಗಳ ನಡುವೆ 24 ಅಥವಾ ಹೆಚ್ಚು ಅಂಕದ ಅಂತರ. ‘ಇ’ ಬಂದ ಮಗುವಿನ ಒಟ್ಟು ಅಂಕ ಮೋಸಮಾಡುತ್ತದೆ. ಸಂಖ್ಯೆಯಲ್ಲಿ 140, ಮಾತಿನಲ್ಲಿ 108 ಇರುವ ಮಗುವಿನ ಸರಾಸರಿ ಕಟ್-ಆಫ್ ಮುಟ್ಟದಿರಬಹುದು, ಆದರೆ ಅದಕ್ಕೆ ಗಣಿತದಲ್ಲಿ ಮುಂದಿನ ಪಾಠ ಬೇಕೇ ಬೇಕು. ಒಂದೇ ಭಾಗದ ಅಂಕಕ್ಕೂ ಪ್ರವೇಶವಿದೆಯೇ ಎಂದು ಕೇಳಲು ಇದೇ ಸಮಯ.

ವಿಸ್ಕ್‌ನಲ್ಲೂ ಇಂಥದ್ದೇ ಸಂಗತಿ. ಯೋಚನೆಯಲ್ಲಿ ಚುರುಕಾಗಿದ್ದು ಬರೆಯುವ ಕೈ ನಿಧಾನವಾದ ಮಗುವಿಗೆ ಒಟ್ಟು ಐಕ್ಯೂ ಇಳಿಯುತ್ತದೆ. ವೇಗ ಮತ್ತು ಅಲ್ಪಾವಧಿ ನೆನಪನ್ನು ಬಿಟ್ಟು ಲೆಕ್ಕ ಹಾಕುವ ‘ಜಿಎಐ’ ಎಂಬ ಅಂಕವೂ ವರದಿಯಲ್ಲಿರಲಿ ಎಂದು ಮನಶ್ಶಾಸ್ತ್ರಜ್ಞರನ್ನು ಮೊದಲೇ ಕೇಳಿಕೊಳ್ಳಿ. ನೆನಪು ಅಥವಾ ವೇಗದ ಕೊರತೆಯೊಂದನ್ನೇ ಕಾರಣ ಮಾಡಿ ಅನರ್ಹ ಎನ್ನುವಂತಿಲ್ಲ ಎಂದು ಪೆನ್ಸಿಲ್ವೇನಿಯಾದ ನಿಯಮ ಸ್ಪಷ್ಟವಾಗಿ ಹೇಳುತ್ತದೆ.

‘ಇಲ್ಲ’ ಎಂದು ಬಂದರೆ

ಮೊದಲು ಎಲ್ಲ ಅಂಕಗಳ ಪ್ರತಿ ಕೇಳಿ. ಮಗುವಿನ ದಾಖಲೆ ನೋಡುವ ಹಕ್ಕನ್ನು ‘ಫರ್ಪಾ’ ಕಾನೂನು ಕೊಟ್ಟಿದೆ, ಶಾಲೆ 45 ದಿನದೊಳಗೆ ತೋರಿಸಬೇಕು. ಆದರೆ ಮೇಲ್ಮನವಿಯ ಅವಧಿ ಅದಕ್ಕಿಂತ ಬಹಳ ಚಿಕ್ಕದಿರಬಹುದು, ಹಾಗಾಗಿ ಪತ್ರ ಬಂದ ದಿನವೇ ಬರೆಯಿರಿ. ಮೇಲ್ಮನವಿಯಲ್ಲಿ ಹೊಸ ಸಂಗತಿ ಇರಬೇಕು: ಪರೀಕ್ಷೆಯ ದಿನದ ತೊಂದರೆ, ಅಸಮ ಪ್ರೊಫೈಲ್, ಮ್ಯಾಪ್ ಅಂಕ, ಮಗುವಿನ ಕೆಲಸದ ಮಾದರಿ. ಕೆಲಸದ ಮಾದರಿ ಎಂದರೆ ಅಂದವಾದ ಪೋಸ್ಟರ್ ಅಲ್ಲ; ಹೊಡೆದು ಹಾಕಿ, ಮತ್ತೆ ಯೋಚಿಸಿ ಬರೆದ ಗಲೀಜು ಹಾಳೆಯೇ ಹೆಚ್ಚು ಹೇಳುತ್ತದೆ. ‘ನಮ್ಮ ಮಗು ಅರ್ಹ’ ಎಂಬ ಎರಡು ಪುಟದ ವಾದಕ್ಕೆ ಸಮಿತಿ ಕರಗುವುದಿಲ್ಲ.

ಕಟ್-ಆಫ್‌ಗೆ ಎರಡು ಅಂಕ ಕಡಿಮೆ ಬಂದ ಮಗುವೂ ಎರಡು ಅಂಕ ಹೆಚ್ಚು ಬಂದ ಮಗುವೂ ಅಳತೆಯ ತಪ್ಪಿನ ಮಿತಿಯೊಳಗೇ ಇರುತ್ತಾರೆ. ಮುಂದಿನ ವರ್ಷ ಪರೀಕ್ಷಿಸಿದರೆ ಇಬ್ಬರ ಜಾಗ ಅದಲುಬದಲಾದರೂ ಆಶ್ಚರ್ಯವಿಲ್ಲ. ಆದ್ದರಿಂದ ಮರುಪರೀಕ್ಷೆ ಯಾವಾಗ ಎಂದು ಕೇಳಿ, ಅಷ್ಟರವರೆಗೆ ತರಗತಿಯಲ್ಲೇ ಏನು ಕೊಡಬಹುದು ಎಂದು ಟೀಚರ್ ಜೊತೆ ಕೂತು ಮಾತಾಡಿ.

‘ಹೌದು’ ಎಂದು ಬಂದರೆ: ಸೋಮವಾರ ಏನು ಬದಲಾಗುತ್ತದೆ?

ಈ ಒಂದು ಪ್ರಶ್ನೆ ಕೇಳಿ. ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ.

ಪುಲ್-ಔಟ್: ವಾರಕ್ಕೆ ಒಂದೆರಡು ಗಂಟೆ, ಕೆಲವು ಕಡೆ ಒಂದು ಪೂರ್ತಿ ದಿನ, ಬೇರೆ ಕೋಣೆ, ಬೇರೆ ಟೀಚರ್. ಎಲ್ಲಿ ಕೆಡುತ್ತದೆಂದರೆ, ಆ ಹೊತ್ತಿನಲ್ಲಿ ತರಗತಿಯಲ್ಲಿ ನಡೆದ ಅಷ್ಟೂ ಹಾಳೆಗಳನ್ನು ಮಗು ಮನೆಯಲ್ಲಿ ಕೂತು ಮಾಡಬೇಕಾಗುತ್ತದೆ. ಬಿಟ್ಟುಹೋದ ಕೆಲಸದಿಂದ ವಿನಾಯಿತಿ ಇದೆಯೇ ಎಂದು ಮೊದಲ ವಾರವೇ ತಿಳಿಯಿರಿ.

ಕ್ಲಸ್ಟರ್: ಐದಾರು ಗಿಫ್ಟೆಡ್ ಮಕ್ಕಳನ್ನು ಒಂದೇ ಸೆಕ್ಷನ್‌ಗೆ ಹಾಕಿ, ತರಬೇತಿ ಪಡೆದ ಟೀಚರ್ ಕೊಡುವುದು. ಎಲ್ಲವೂ ಆ ಟೀಚರ್ ಮೇಲೆ ನಿಂತಿದೆ. ಟೆಕ್ಸಸ್‌ನಲ್ಲಿ ಇಂಥ ಟೀಚರ್‌ಗೆ ಆರಂಭದಲ್ಲಿ 30 ಗಂಟೆ, ಆಮೇಲೆ ವರ್ಷಕ್ಕೆ 6 ಗಂಟೆ ತರಬೇತಿ ಇರಬೇಕು; ಬೇರೆ ರಾಜ್ಯದಲ್ಲಿದ್ದರೆ ತರಬೇತಿ ಎಷ್ಟು ಎಂದು ಕೇಳಿ.

ಪಾಠ ಸಂಕ್ಷೇಪ: ನಮ್ಮ ಅಭಿಪ್ರಾಯದಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ, ಕೇಳುವವರು ಮಾತ್ರ ಕಡಿಮೆ. ಪಾಠ ಆರಂಭಿಸುವ ಮುಂಚೆಯೇ ಅದರ ಕೊನೆಯ ಪರೀಕ್ಷೆ ಕೊಡುತ್ತಾರೆ. ಶೇ 80-85ರಷ್ಟು ಬಂದರೆ ಆ ಪಾಠದ ಅಭ್ಯಾಸ ಬಿಟ್ಟು, ಬಾರದ ಭಾಗ ಮಾತ್ರ ಕಲಿಸಿ, ಉಳಿದ ಸಮಯಕ್ಕೆ ಬೇರೆ ಕೆಲಸ ಕೊಡುತ್ತಾರೆ. 1990ರ ದಶಕದ ಆರಂಭದಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆ ಪಾಠದ ಶೇ 40-50ರಷ್ಟನ್ನು ಕೈಬಿಟ್ಟರೂ ಮಕ್ಕಳ ಕಲಿಕೆಯ ಅಂಕ ಇಳಿಯಲಿಲ್ಲ ಎಂದು ತೋರಿಸಿದರು. ಉಳಿದ ಸಮಯಕ್ಕೆ ಏನು ಕೊಡುತ್ತಾರೆ ಎಂಬುದರ ಮೇಲೆ ಕಣ್ಣಿಡಿ. ಹತ್ತು ಲೆಕ್ಕ ಬೇಗ ಮುಗಿಸಿದ್ದಕ್ಕೆ ಅದೇ ಬಗೆಯ ಇಪ್ಪತ್ತು ಲೆಕ್ಕ ಕೊಟ್ಟರೆ ಅದು ಶಿಕ್ಷೆ. ನಾಲ್ಕು ದಿನದಲ್ಲಿ ಮಗು ನಿಧಾನವಾಗಿ ಮಾಡುವುದನ್ನು ಕಲಿಯುತ್ತದೆ. ದಿನವೂ ಪಕ್ಕದವರಿಗೆ ಹೇಳಿಕೊಡಲು ಕೂರಿಸಿದರೂ ಅಷ್ಟೇ.

ಒಂದೇ ವಿಷಯದಲ್ಲಿ ಮುಂದಿನ ತರಗತಿ: ಮೂರನೇ ತರಗತಿಯ ಮಗು ಗಣಿತಕ್ಕೆ ನಾಲ್ಕನೆಯದಕ್ಕೆ ಹೋಗಿ ಕೂರುವುದು. ಎರಡು ತರಗತಿಗಳ ಗಣಿತದ ಹೊತ್ತು ಹೊಂದಬೇಕು. ಎಲಿಮೆಂಟರಿಯ ಕೊನೆಯ ವರ್ಷ ಏನು, ಮಿಡಲ್ ಸ್ಕೂಲಿಗೆ ದಿನಾ ಯಾರು ಕರೆದೊಯ್ಯುತ್ತಾರೆ ಎಂಬುದಕ್ಕೆ ಉತ್ತರ ಇಲ್ಲದೆ ಶುರುಮಾಡಿದರೆ ಮಗು ಕೊನೆಗೆ ಕಲಿತ ಪಾಠಕ್ಕೇ ವಾಪಸ್ ಬಂದು ಕೂರುತ್ತದೆ.

ಪೂರ್ತಿ ತರಗತಿ ದಾಟಿಸುವುದಕ್ಕೆ ಇಲಿನಾಯ್‌ನಲ್ಲಿ 2018ರಿಂದ, ಒಹಾಯೊದಲ್ಲಿ ಅದಕ್ಕೂ ಮೊದಲಿನಿಂದ ಕಾನೂನಿನ ಬೆಂಬಲವಿದೆ. ನಿರ್ಧಾರಕ್ಕೆ ಬಹಳ ಕಡೆ ‘ಅಯೋವಾ ಆಕ್ಸಲರೇಶನ್ ಸ್ಕೇಲ್’ ಬಳಸುತ್ತಾರೆ. ಅದರ ಪ್ರಕಾರ ಐಕ್ಯೂ ಸರಾಸರಿಗಿಂತ ಒಂದು ಹರವಿನಷ್ಟಾದರೂ ಮೇಲಿರಬೇಕು. ಮಗು ಈಗಿರುವ ಅಥವಾ ಹೋಗಲಿರುವ ತರಗತಿಯಲ್ಲಿ ಅಣ್ಣ, ಅಕ್ಕ, ತಮ್ಮ, ತಂಗಿ ಯಾರೂ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಮಗುವಿಗೆ ಮನಸ್ಸಿರಬೇಕು. ಮಗು ಬೇಡ ಎಂದರೆ ಅಲ್ಲಿಗೆ ಮುಗಿಯಿತು, ತಂದೆ ತಾಯಿಯ ಇಷ್ಟಕ್ಕೆ ಅಲ್ಲಿ ಕಾಲಂ ಇಲ್ಲ.

ಚುರುಕೂ ಇದೆ, ತೊಡಕೂ ಇದೆ

ಡಿಸ್ಲೆಕ್ಸಿಯಾ, ಎಡಿಎಚ್‌ಡಿ, ಆಟಿಸಂ ಇರುವ ಮಗು ಗಿಫ್ಟೆಡ್ ಕೂಡ ಆಗಿರಬಹುದು. ಬುದ್ಧಿ ತೊಡಕನ್ನು ಮುಚ್ಚುತ್ತದೆ, ತೊಡಕು ಬುದ್ಧಿಯನ್ನು ಮುಚ್ಚುತ್ತದೆ, ಹೊರಗೆ ಕಾಣುವುದು ‘ಸಾಧಾರಣ’ ಮಗು. ಗ್ರೇಡ್ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ವಿಶೇಷ ಶಿಕ್ಷಣದ ಮೌಲ್ಯಮಾಪನ ನಿರಾಕರಿಸಿದರೆ ಒಪ್ಪಬೇಡಿ. ಅದು ಬೇರೆ ಅರ್ಜಿ, ಬೇರೆ ಕಾನೂನು. ವಿಶೇಷ ಶಿಕ್ಷಣದ ‘ಐಡಿಯಾ’ ಕಾಯ್ದೆಯಡಿ ಮೌಲ್ಯಮಾಪನಕ್ಕೆ ಒಪ್ಪಿಗೆ ಕೊಟ್ಟಲ್ಲಿಂದ 60 ದಿನ, ಇಲ್ಲವೇ ರಾಜ್ಯ ನಿಗದಿಪಡಿಸಿದ ಅವಧಿ. ಎರಡು ಅರ್ಜಿಗಳನ್ನೂ ಒಟ್ಟಿಗೇ ಹಾಕಬಹುದು, ಒಂದು ಮುಗಿಯಲಿ ಎಂದು ಕಾಯಬೇಕಿಲ್ಲ.

ಮನೆ ಬದಲಿಸುವ ಮುನ್ನ

ಹೊಸ ಕೆಲಸ ಸಿಕ್ಕಿ ರಾಜ್ಯ ಬಿಡುವಾಗ ಗಿಫ್ಟೆಡ್ ಎಂಬ ಪಟ್ಟ ತಾನಾಗಿ ಜೊತೆಗೆ ಬರುವುದಿಲ್ಲ. ಹಲವು ಕಡೆ ಮೊದಲಿನಿಂದ ಪರೀಕ್ಷಿಸುತ್ತಾರೆ. ಹೊರಡುವ ಮುಂಚೆ ಹಳೆಯ ಶಾಲೆಯ ಆಫೀಸಿನಿಂದ ಇಷ್ಟು ತೆಗೆದುಕೊಳ್ಳಿ: ಎಲ್ಲ ಪರೀಕ್ಷೆಗಳ ಪೂರ್ತಿ ವರದಿ (ಆಯ್ಕೆ ಪತ್ರ ಒಂದೇ ಸಾಲದು), ಯಾವ ಆವೃತ್ತಿ, ಯಾವ ತಾರೀಕು ಎಂಬ ವಿವರ, ಕಲಿಕಾ ಯೋಜನೆ ಇದ್ದರೆ ಅದರ ಪ್ರತಿ, ಮುಂದಿನ ತರಗತಿಯ ಗಣಿತ ಕಲಿಯುತ್ತಿದ್ದರೆ ಯಾವ ಪುಸ್ತಕದ ಯಾವ ಅಧ್ಯಾಯದವರೆಗೆ ಮುಗಿದಿದೆ ಎಂದು ಟೀಚರ್ ಬರೆದುಕೊಟ್ಟ ಒಂದು ಸಾಲು. ಹೊಸ ಊರಿನಲ್ಲಿ ಆ ವರ್ಷದ ಅರ್ಜಿಯ ಗಡುವು ಮುಗಿದಿದ್ದರೆ ಹೊಸದಾಗಿ ಸೇರಿದವರಿಗೆ ಪ್ರತ್ಯೇಕ ಪರೀಕ್ಷಾ ದಿನ ಇರುತ್ತದೆಯೇ ಎಂದು, ದಾಖಲಾತಿಯ ದಿನವೇ, ಅದೇ ಕೌಂಟರಿನಲ್ಲಿ ಕೇಳಿ.